ಕಳುಹಿಸಿದವರ ವಿಳಾಸ

ಜನವರಿ 11

ಪ್ರೀತಿಯ ಅಕ್ಕನಿಗೆ,

ನೀನು ಕಳಿಸಿದ ಹೊಸ ಫ್ರಾಕಿನ ನಮೂನೆ ತಲುಪಿತು. ಕತ್ತಿನ ಇಳಿಜಾರನ್ನು ಅಪ್ಪ ನೋಡಿದ್ದರೆ ಕನ್ನಡಕ ಹಣೆಗೇರಿಸಿಕೊಂಡು ತಲೆದೂಗುತ್ತಿದ್ದರು. ಲಕೋಟೆಯನ್ನು ಮಾತ್ರ ನೋಡಲಾಗುವುದಿಲ್ಲ ಮಾರಾಯ್ತಿ. ಅಂಚೆಚೀಟಿಗಳು ಒಂದರ ಮೈಮೇಲೆ ಒಂದು ಬಿದ್ದಿವೆ, ಅಂಟು ವಿಳಾಸದ ಮೇಲೆಲ್ಲ ಹರಿದಿದೆ. ಮನೆಯಲ್ಲಿ ಹೊಲಿಯುವ ಹೆಂಗಸರು ಬಟ್ಟೆಯ ಮೇಲಿಟ್ಟು ಕತ್ತರಿಸಲು ದುಡ್ಡು ಕೊಟ್ಟು ನಮ್ಮಿಂದ ಕಾಗದದ ನಮೂನೆ ತರಿಸಿಕೊಳ್ಳುತ್ತಾರೆ. ಅವರ ಕಣ್ಣಿಗೆ ಮೊದಲು ಬೀಳುವುದು ಈ ಅವತಾರವೇ?

ಫೋನಿನಲ್ಲಿ ಹೇಳಿದರೆ ಕೈಯಲ್ಲಿ ಕತ್ತರಿ ಇದೆ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಈಗ ಕಂಪ್ಯೂಟರಿನಲ್ಲೇ ಅಂಚೆಯ ಲೇಬಲ್ ಮುದ್ರಿಸಿಕೊಳ್ಳಬಹುದು. ಪೊಟ್ಟಣವನ್ನು ಪುಟ್ಟ ತೂಕದ ಯಂತ್ರದ ಮೇಲಿಟ್ಟರೆ ಎಷ್ಟು ಖರ್ಚೆಂದು ಅದೇ ಹೇಳುತ್ತದೆ. ವಿಳಾಸ, ದರ, ಗೆರೆಗೆರೆಯ ಗುರುತು ಎಲ್ಲವೂ ಒಂದೇ ಚೀಟಿಯಲ್ಲಿ ಬರುತ್ತವೆ. ಅಂಟಿಸಿ ಬಾಗಿಲ ಬಳಿ ಇಟ್ಟರೆ ಅಂಚೆಯವರೇ ಬಂದು ಒಯ್ಯುತ್ತಾರೆ. ಕೌಂಟರಿಗಿಂತ ದರವೂ ತುಸು ಕಡಿಮೆ. ಪೊಟ್ಟಣ ಎಲ್ಲಿದೆ ಎಂಬುದು ಕೂತಲ್ಲೇ ಗೊತ್ತಾಗುತ್ತದೆ.

ನೀನು ದಿನಾ ಚೀಲ ಹೊತ್ತು ಸರದಿಯಲ್ಲಿ ನಿಲ್ಲುವ ಹೊತ್ತಿನಲ್ಲಿ ಇನ್ನೂ ಎಷ್ಟು ನಮೂನೆ ಕತ್ತರಿಸಬಹುದು, ನೀನೇ ಯೋಚಿಸು. ಆರ್ಡರು ಹಿಡಿಯುವುದು ನನ್ನ ಕೆಲಸ, ಕತ್ತರಿಸುವುದು ನಿನ್ನ ಕೆಲಸ. ಸರದಿಯಲ್ಲಿ ನಿಲ್ಲುವುದು ಯಾರ ಕೆಲಸವೂ ಅಲ್ಲ.

ನಿನ್ನ ಪ್ರೀತಿಯ,
ತಂಗಿ

ಜನವರಿ 19

ತಂಗಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನೀನು ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ಪಾರ್ಸೆಲ್ ಕೌಂಟರಿನ ತಕ್ಕಡಿಯವರನ್ನು ಕೇಳಿದೆ. ಅವರು ಇನ್ನೊಂದು ಮಗ್ಗುಲು ಹೇಳಿದರು. ಪೊಟ್ಟಣ ಕಳಿಸಲಿ ಬಿಡಲಿ, ತಿಂಗಳಿಗಿಷ್ಟು ಎಂದು ಕಟ್ಟಬೇಕಂತೆ. ಇಂದು ಮುದ್ರಿಸಿದ ಲೇಬಲ್ಲನ್ನು ನಾಳೆ ನಾಳಿದ್ದಿಗೆ ಎಂದು ಇಟ್ಟುಕೊಂಡರೆ ನಡೆಯುವುದಿಲ್ಲವಂತೆ. ತೂಕ ತುಸು ತಪ್ಪಿದರೂ ಪೊಟ್ಟಣ ವಾಪಸು ಬರುತ್ತದೆ, ಇಲ್ಲವಾದರೆ ತೆಗೆದುಕೊಳ್ಳುವವರ ಹತ್ತಿರ ಬಾಕಿ ಕೇಳುತ್ತಾರೆ. ಕೆಟ್ಟ ಲೇಬಲ್ಲಿನ ದುಡ್ಡು ತಿರುಗಿ ಪಡೆಯುವುದೆಂದರೆ ದೊಡ್ಡ ರಾಮಾಯಣ. ಶಾಯಿ ಬೇರೆ ಮುಗಿಯುತ್ತಿರುತ್ತದೆ. "ಇಲ್ಲಿ ತಪ್ಪಾದ್ರೆ ಬೈಯೋಕೆ ನಾನಾದ್ರೂ ಇರ್ತೀನಿ. ಯಂತ್ರಕ್ಕೆ ಬೈದು ಏನು ಸುಖ?" ಎಂದರು ತಕ್ಕಡಿಯವರು.

ಅವರದೊಂದು ಆಟವಿದೆ. ಪೊಟ್ಟಣವನ್ನು ತಕ್ಕಡಿಗೆ ಹಾಕುವ ಮೊದಲು ಕೈಯಲ್ಲಿ ತೂಗಿ, "ಇದು ತೋಳಿರೋ ಅಂಗಿ, ಇದು ತೋಳಿಲ್ಲದ್ದು" ಎಂದು ಹೇಳುತ್ತಾರೆ. ತಪ್ಪಿದರೆ ಅವರೇ ನಗುತ್ತಾರೆ. ಕಾಯುವವರಿಗೆ ಅಲ್ಲೊಂದು ಬೆಂಚು ಹಾಕಿಸಿದ್ದಾರೆ. ಸರದಿ ಎಂದರೆ ನೀನು ಅಂದುಕೊಳ್ಳುವಷ್ಟು ಕಷ್ಟವೇನಿಲ್ಲ.

ನಿನ್ನ ಗಂಡ ಹೇಗಿದ್ದಾನೆ? ಹೋದ ಸಲವೂ ಕೇಳಿದ್ದೆ, ನೀನು ಬರೆಯಲಿಲ್ಲ.

ಇಂತಿ ನಿನ್ನ ಅಕ್ಕ

ಜನವರಿ 27

ಅಕ್ಕ,

ಒಂದು ಪುಟದ ಕಾಗದದಲ್ಲಿ ತಕ್ಕಡಿಯವರು, ತಕ್ಕಡಿಯವರು, ತಕ್ಕಡಿಯವರು! ಓದುತ್ತ ಓದುತ್ತ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ. ಹೆಂಡತಿ ತೀರಿಕೊಂಡವರು, ಒಂದು ಕಾಲು ಎಳೆದು ಹಾಕುತ್ತಾರೆ, ಅವರೇ ಅಲ್ಲವೇ? ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ತಲೆ ಬಾಚಿ, ಚೀಲ ಹಿಡಿದು ನೀನು ಹೊರಡುವುದು ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ನಿಂತವರೆಲ್ಲ ಮುಸಿಮುಸಿ ನಗುತ್ತಿರುತ್ತಾರೆ, ಪಾಪ, ನಿನಗೆ ಕಾಣುವುದಿಲ್ಲ.

ಪ್ರಿಂಟರು, ತೂಕದ ಯಂತ್ರ ಎರಡನ್ನೂ ತೆಗೆದುಕೊಂಡು ಶುಕ್ರವಾರ ನಾನೇ ಬರುತ್ತೇನೆ. ನಿನ್ನ ಬ್ಯಾಂಕಿನ ಕಾರ್ಡನ್ನು ಅದು ಒಪ್ಪುವುದಿಲ್ಲ, ಆದ್ದರಿಂದ ಖಾತೆ ನನ್ನ ಹೆಸರಿನಲ್ಲಿ ತೆರೆದಿದ್ದೇನೆ. ಕಳುಹಿಸಿದವರ ಜಾಗದಲ್ಲಿ ನನ್ನ ವಿಳಾಸವೇ ಅಚ್ಚಾಗುತ್ತದೆ. ವಾಪಸು ಬಂದದ್ದು, ದೂರು, ಎಲ್ಲ ನನಗೇ ಬರಲಿ. ನಿನ್ನ ಮೇಜು ಚೊಕ್ಕಟವಾಗಿರುತ್ತದೆ.

ತಂಗಿ

ಫೆಬ್ರವರಿ 24

ತಂಗಿಗೆ,

ಯಂತ್ರ ಚೆನ್ನಾಗಿಯೇ ನಡೆಯುತ್ತಿದೆ. ಒಪ್ಪಿಕೊಳ್ಳದಿದ್ದರೆ ತಪ್ಪಾಗುತ್ತದೆ. ಬೆಳಿಗ್ಗೆ ನೀನು ಅಲ್ಲಿಂದ ಆರ್ಡರು ಹಾಕುತ್ತೀಯ, ಮಧ್ಯಾಹ್ನದ ಊಟದೊಳಗೆ ಇಲ್ಲಿ ಲೇಬಲ್‌ಗಳು ಸಾಲಾಗಿ ಬೀಳುತ್ತವೆ. ಯಾರೋ ಒಬ್ಬ ಬಂದು ಚೀಲ ಎತ್ತಿಕೊಂಡು ಹೋಗುತ್ತಾನೆ. ತಲೆಯಿಂದ ಹೆಲ್ಮೆಟ್ ತೆಗೆಯುವುದಿಲ್ಲ, ಮುಖ ಹೇಗಿದೆಯೋ ನನಗೆ ಗೊತ್ತಿಲ್ಲ. ಹಿಂದೆಂದೂ ಕತ್ತರಿಸದಷ್ಟು ಕತ್ತರಿಸುತ್ತಿದ್ದೇನೆ. ಕೆಲವು ದಿನ ಚಪ್ಪಲಿ ಮೆಟ್ಟುವುದೇ ಇಲ್ಲ.

ಒಂದು ವಿಷಯ. ಇಲ್ಲಿದ್ದಾಗ ನೀನು ಎರಡು ದಿನ ಅಂಚೆ ಕಚೇರಿಗೆ ಹೋಗಿದ್ದೆ. ಇನ್ನು ನಮ್ಮ ಚೀಲ ಬರುವುದಿಲ್ಲ ಎಂದು ಹೇಳಿಬರಲು ಒಂದು ದಿನ ಸಾಕಿತ್ತು. ಎರಡನೆಯ ದಿನ ಯಾಕೆ ಹೋದೆ ಎಂದು ಆಗ ಕೇಳಲಿಲ್ಲ. ಅಲ್ಲಿ ಯಾರಾದರೂ ಏನಾದರೂ ಕೇಳಿದರೇ?

ನಿನ್ನ ಗಂಡನಿಗೆ ನನ್ನ ನೆನಪು ತಿಳಿಸು.

ಇಂತಿ ನಿನ್ನ ಅಕ್ಕ

ಮಾರ್ಚ್ 3

ಅಕ್ಕ,

ಯಾರೂ ಏನೂ ಕೇಳಲಿಲ್ಲ. ಎರಡನೆಯ ದಿನ ಹೋದದ್ದು ಅಂಟುಪಟ್ಟಿ ಕೊಳ್ಳಲು. ನಿನ್ನ ತಕ್ಕಡಿಯವರಿಗೆ ದೊಡ್ಡ ಕಚೇರಿಗೆ ವರ್ಗವಾಗಿದೆಯಂತೆ. ತುಂಬ ಖುಷಿಯಲ್ಲಿದ್ದರು.

ಕೋಟಿನ ನಮೂನೆಗಳನ್ನು ಈಗಿನಿಂದಲೇ ತಯಾರು ಮಾಡು. ಚಳಿಗಾಲಕ್ಕೆ ಆರ್ಡರುಗಳ ಮಳೆ ಬೀಳುತ್ತದೆ.

ತಂಗಿ

ಜುಲೈ 16

ತಂಗಿಗೆ,

ಹೋದ ವಾರ ಇಡೀ ಚೀಲ ವಾಪಸು ಬಂದದ್ದು ನಿನಗೆ ಗೊತ್ತೇ ಇದೆ. ನಿನ್ನ ಬಾಗಿಲಿಗೇ ಬಂದಿತು. ಒಂದು ದಿನ ಕರೆಂಟು ಹೋಯಿತು, ಮರುದಿನ ಹೆಲ್ಮೆಟ್ಟಿನವನು ಬರಲಿಲ್ಲ, ಆಮೇಲೆ ಬಂದು ಒಯ್ಯುವಷ್ಟರಲ್ಲಿ ಲೇಬಲ್‌ಗಳ ಗಡುವು ಮೀರಿತ್ತು. ದುಡ್ಡು ವಾಪಸು ಬೇಕಾದರೆ ಹಾಳಾದ ಲೇಬಲ್‌ಗಳ ಪ್ರತಿ ಹಿಡಿದು ದೊಡ್ಡ ಕಚೇರಿಗೆ ಹೋಗು ಎಂದು ನೀನೇ ಹೇಳಿದೆ. ಹೋಗಿದ್ದೆ.

ಕೌಂಟರಿನ ಹಿಂದೆ ತಕ್ಕಡಿಯವರು ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಆಮೇಲೆ ಕೂತರು. ಕಾಗದಗಳನ್ನು ಮುಂದಿಟ್ಟೆ. ತಲೆ ಎತ್ತದೆ ನೋಡಿದರು.

"ಬೇರೆ ಕೌಂಟರಿಗೆ ಕಳಿಸ್ಲಾ ಮೇಡಂ?" ಎಂದರು. "ನಿಮಗೆ ಮುಜುಗರ ಆಗೋದು ಬೇಡ."

"ನನಗ್ಯಾಕೆ ಮುಜುಗರ?"

"ನಿಮ್ಮ ತಂಗಿ ಎಲ್ಲಾ ಹೇಳಿದ್ರಲ್ಲ."

"ಏನು ಹೇಳಿದ್ಲು?"

ಆಗ ಮೊದಲ ಸಲ ತಲೆ ಎತ್ತಿದರು. ಮುದ್ರೆಯನ್ನು ಪಕ್ಕಕ್ಕಿಟ್ಟರು. "ಮನೆಗೆ ಬಂದು ನಿಮ್ಮ ಹತ್ರ ಒಂದು ಮಾತು ಕೇಳಬಹುದಾ ಅಂತ ಅವರ ಕೈಲಿ ಹೇಳಿ ಕಳಿಸಿದ್ದೆ. ಮಾರನೇ ದಿನ ಬಂದು ಉತ್ತರ ಹೇಳಿದ್ರು. ನನ್ನ ಮುಖ ನೋಡೋದು ತಪ್ಪಲಿ ಅಂತಾನೇ ನೀವು ಆ ಯಂತ್ರ ತರಿಸ್ಕೊಂಡಿದ್ದು ಅಂದ್ರು."

ಹಿಂದೆ ನಿಂತವರು ಗೊಣಗುತ್ತಿದ್ದರು. ಅಷ್ಟರಲ್ಲಿ ಒಬ್ಬ ಹೆಂಗಸು ಪಕ್ಕದ ಬಾಗಿಲಿನಿಂದ ಊಟದ ಡಬ್ಬಿ ಹಿಡಿದು ಬಂದಳು. ನಗುಮುಖದವಳು, ನನಗಿಂತ ಚಿಕ್ಕವಳಲ್ಲ. "ನಮ್ಮ ಮನೆಯವರು," ಎಂದರು ತಕ್ಕಡಿಯವರು. ಅವಳು ನನ್ನ ಕೈಯಲ್ಲಿದ್ದ ನಮೂನೆಯ ಲಕೋಟೆ ನೋಡಿ, "ಓ, ಫ್ರಾಕಿನ ಅಕ್ಕನಾ? ಕೈಲಿ ಹಿಡಿದ್ರೇ ತೋಳಿದೆಯೋ ಇಲ್ವೋ ಹೇಳ್ತಿದ್ದೆ ಅಂತ ಇವರು ಜಂಬ ಕೊಚ್ಚಿಕೊಳ್ತಿರ್ತಾರೆ" ಎಂದಳು.

ನಾನು ನಕ್ಕೆ. ಹೇಗೆ ನಕ್ಕಿರಬಹುದು ಎಂಬುದನ್ನು ನಿನ್ನ ಊಹೆಗೆ ಬಿಡುತ್ತೇನೆ.

ಮದುವೆಯಾಗಿ ತುಂಬ ದಿನವಾಗಿಲ್ಲವಂತೆ. ದುಡ್ಡು ವಾಪಸಿಗೆ ಅರ್ಜಿ ಕೊಟ್ಟು ಬಂದೆ. ಈಗ ನೀನು ಹೇಳು.

ಅಕ್ಕ

ಜುಲೈ 23

ಅಕ್ಕ,

ಹೌದು, ಹೇಳಿದೆ. ಏನೀಗ?

ನಿನ್ನ ಒಳ್ಳೆಯದಕ್ಕೇ ಹೇಳಿದೆ ಎಂದರೆ ನಂಬುವುದಿಲ್ಲ, ಆದ್ದರಿಂದ ಆ ಮಾತು ಬೇಡ. ಆ ಮನುಷ್ಯನಿಗೆ ಬೇಕಾಗಿದ್ದದ್ದು ಡಬ್ಬಿ ಕಟ್ಟಿಕೊಡುವವಳು. ಸಿಕ್ಕಿದಳು ನೋಡು, ನಾಲ್ಕು ದಿನದಲ್ಲಿ! ನಿನಗಾಗಿ ಕೊರಗಿ ಸೊರಗಿ ಹೋದನೇ? ನೀನು ಹೋಗಿದ್ದರೆ ಇಷ್ಟು ಹೊತ್ತಿಗೆ ಅವನ ಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿರುತ್ತಿದ್ದೆ. ನಮೂನೆ ಕತ್ತರಿಸುವವರು ಯಾರು? ಈ ಕಸುಬಿನಲ್ಲಿ ನೀನು ಕೈ, ನಾನು ಬಾಯಿ. ಕೈ ಎದ್ದು ಹೋದರೆ ನಾನು ಏನು ತಿನ್ನಲಿ?

ಇನ್ನೊಂದು ಮಾತು. ನಾನು ಸುಳ್ಳು ಹೇಳಿದೆ, ಸರಿ. ನೀನು ಯಾಕೆ ಹೋಗಿ ಕೇಳಲಿಲ್ಲ? ಆ ಕಚೇರಿ ಎರಡು ಬೀದಿ ಆಚೆ ಇತ್ತು. ಒಂದು ಯಂತ್ರ ಬಂದ ಮಾತ್ರಕ್ಕೆ ನಿನ್ನ ಕಾಲಿಗೆ ಸರಪಳಿ ಬಿತ್ತೇ? ಕೈಯಲ್ಲಿ ಪೊಟ್ಟಣವಿಲ್ಲದೆ ಆ ಮನುಷ್ಯನ ಮುಂದೆ ನಿಲ್ಲುವ ಧೈರ್ಯ ನಿನಗಿರಲಿಲ್ಲ. ಆ ಹೇಡಿತನವನ್ನು ನನ್ನ ತಲೆಗೆ ಕಟ್ಟಬೇಡ.

ತಂಗಿ

ಆಗಸ್ಟ್ 2

ಪ್ರೀತಿಯ ತಂಗಿಗೆ,

ನೀನು ಬರೆದದ್ದು ನಿಜ. ನಾನು ಹೋಗಿ ಕೇಳಬಹುದಿತ್ತು. ಆ ಮಾತು ಅಲ್ಲಿಗೆ ಬಿಡೋಣ.

ಕೋಟಿನ ನಮೂನೆಗಳು ಮುಗಿಯುತ್ತ ಬಂದಿವೆ. ಈ ಸಲ ಮೂಲ ನಮೂನೆಯನ್ನೇ ತಿದ್ದಿ ಹೊಸದಾಗಿ ಬರೆದಿದ್ದೇನೆ, ಎಲ್ಲ ಅಳತೆಗೂ. ನಿಂತರೆ ಬಹಳ ಚೆಂದ ಕಾಣುತ್ತದೆ. ನೀನು ಆರ್ಡರು ಹಿಡಿಯುತ್ತ ಹೋಗು, ಯಾರಿಗೂ ಬೇಡ ಎನ್ನಬೇಡ. ಲೇಬಲ್ಲಿನ ಮೇಲೆ ನಿನ್ನ ಹೆಸರು, ನಿನ್ನ ವಿಳಾಸ ಹಾಗೆಯೇ ಇರಲಿ. ಚೆನ್ನಾಗಿ ಒಪ್ಪುತ್ತದೆ.

ಇಂತಿ ನಿನ್ನ ಅಕ್ಕ

ಅಕ್ಟೋಬರ್ 20

ಅಕ್ಕ,

ಏನು ಮಾಡಿದ್ದೀಯ? ಫೋನು ಯಾಕೆ ತೆಗೆಯುತ್ತಿಲ್ಲ?

ಬೆಳಗಾದರೆ ಫೋನು, ಸಂಜೆಯಾದರೆ ಬಾಗಿಲು. ಕೋಟು ಹೊಲಿದವರೆಲ್ಲ ಬಟ್ಟೆ ಹಾಳಾಯಿತು ಎನ್ನುತ್ತಿದ್ದಾರೆ. ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತರೆ ಸರಿ, ಕೈ ಎತ್ತಿದರೆ ಆಗುವುದಿಲ್ಲ, ಬೆನ್ನು ಹಿಡಿಯುತ್ತದೆ. ಮೊನ್ನೆ ಒಬ್ಬಳು ಇಲ್ಲಿಗೇ ಬಂದಳು. ನನ್ನ ವಿಳಾಸವಿದ್ದ ಲೇಬಲ್ಲನ್ನು ಕಿತ್ತು ಕೈಯಲ್ಲಿ ಹಿಡಿದಿದ್ದಳು. ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನಿಂತಿದ್ದರು. "ನಾಲ್ಕು ಮನೆಗೆ ಹೊಲಿದುಕೊಟ್ಟೆ, ನಾಲ್ಕು ಮನೆಯವರೂ ಉಗಿದ್ರು. ಇನ್ನು ನನ್ನ ಕೈಗೆ ಯಾರು ಬಟ್ಟೆ ಕೊಡ್ತಾರೆ?" ಎಂದು ಕೂಗಿದಳು. ನಾನು ಕತ್ತರಿಸಿದ್ದಲ್ಲ ಎಂದೆ. "ಹಾಗಾದ್ರೆ ಹೆಸರು ಯಾಕೆ ಹಾಕ್ಕೊಂಡಿದೀಯ?" ಎಂದು ಲೇಬಲ್ಲನ್ನು ನನ್ನ ಎದೆಗೇ ಅಂಟಿಸಿ ಹೋದಳು.

ಎಲ್ಲೋ ಕೈತಪ್ಪಿರಬೇಕು ಅಲ್ಲವೇ ಅಕ್ಕ? ತಪ್ಪಿದೆ ಎಂದು ಒಂದು ಸಾಲು ಬರೆದು ಕಳಿಸು. ಎಲ್ಲರಿಗೂ ತೋರಿಸುತ್ತೇನೆ.

ನಿನ್ನ ತಂಗಿ

ಅಕ್ಟೋಬರ್ 28

ತಂಗಿಗೆ,

ನನ್ನ ಕೈ ಯಾವತ್ತು ತಪ್ಪಿದೆ? ಅಪ್ಪನ ಕಾಲದಿಂದ ಇವತ್ತಿನವರೆಗೆ ನನ್ನ ನಮೂನೆ ಅಳತೆ ತಪ್ಪಿ ಒಂದಾದರೂ ವಾಪಸು ಬಂದದ್ದುಂಟೇ?

ಕಂಕುಳನ್ನು ಕೆಳಕ್ಕೆ ಇಳಿಸಿದೆ. ತೋಳನ್ನು ಬಿಗಿ ಮಾಡಿದೆ. ಸ್ವಲ್ಪವೇ. ಕಾಗದದ ಮೇಲೆ ನೋಡಿದರೆ ಗೊತ್ತಾಗಬಾರದು, ಬಟ್ಟೆ ಕತ್ತರಿಸುವಾಗ ಗೊತ್ತಾಗಬಾರದು, ಹೊಲಿದು ಮುಗಿಸಿ ತೊಟ್ಟು ಕೈ ಎತ್ತಿದಾಗ ಗೊತ್ತಾಗಬೇಕು. ಅಷ್ಟು ಲೆಕ್ಕ ಹಾಕಿ ಬರೆಯುವುದು ಸುಲಭವಲ್ಲ. ಇಷ್ಟು ಶ್ರದ್ಧೆಯಿಂದ ಕೆಲಸ ಮಾಡಿ ಬಹಳ ವರ್ಷವಾಗಿತ್ತು.

ಇನ್ನು ನೀನು ಬರೆಯದ ವಿಷಯ. ನಿನ್ನ ಗಂಡ ನಿನ್ನನ್ನು ಬಿಟ್ಟು ಹೋದದ್ದು ಹೋದ ವರ್ಷವೇ ನನಗೆ ತಿಳಿದಿತ್ತು. ಅವನೇ ಫೋನು ಮಾಡಿ ಹೇಳಿದ್ದ. "ಅತ್ತಿಗೆ, ನಿಮ್ಮ ತಂಗಿ ಜೊತೆ ಒಂದೇ ಮನೇಲಿ ಉಸಿರಾಡೋಕಾಗಲ್ಲ" ಎಂದ. ಆದರೂ ಕಾಗದದಲ್ಲಿ ಮತ್ತೆ ಮತ್ತೆ ಅವನ ಕ್ಷೇಮ ಕೇಳಿದೆ. ನೀನಾಗಿ ಹೇಳಲಿ ಎಂದು ಮೊದಮೊದಲು ಕೇಳುತ್ತಿದ್ದೆ. ಆಮೇಲೆ ಕೇಳಿದಾಗ ನಿನಗೆ ಹೇಗಾಗುತ್ತದೆ ಎಂಬುದು ಗೊತ್ತಿದ್ದೇ ಕೇಳಿದೆ.

ಅಕ್ಕ

ನವೆಂಬರ್ 6

ಅಕ್ಕ,

ನೀನು ಗೆದ್ದೆ. ಸಾಕೇ?

ಖಾತೆ ಮುಚ್ಚಿದ್ದೇನೆ. ಒಂದೂ ಆರ್ಡರಿಲ್ಲ. ಇಲ್ಲಿನ ಮನೆ ಬಿಡಬೇಕಾಗಿದೆ, ಎಲ್ಲಿಗೆ ಹೋಗಲಿ ಎಂದು ಗೊತ್ತಿಲ್ಲ. ನಿನ್ನ ಹಿಂದಿನ ಕೋಣೆ ಖಾಲಿ ಇದೆ ಎಂಬುದು ನೆನಪಿದೆ. ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಅದಕ್ಕಿಂತ ಮೊದಲು ಇನ್ನೊಂದು. ಇದರ ಜೊತೆ ಒಬ್ಬ ಹೆಂಗಸಿನ ವಿಳಾಸ ಇಟ್ಟಿದ್ದೇನೆ. ನಿನ್ನ ಮನೆಯಿಂದ ಬಸ್ಸಿನಲ್ಲಿ ಹೋಗುವಷ್ಟು ದೂರ. ಆ ಹೆಂಗಸಿನ ಗಂಡ ತೀರಿಕೊಂಡಿದ್ದಾನೆ. ಅವನ ದೊಡ್ಡ ಕೋಟನ್ನು ಬಿಚ್ಚಿ, ಅವನ ತಾಯಿಗೆ ಆಗುವ ಹಾಗೆ ಚಿಕ್ಕ ಕೋಟು ಹೊಲಿದಿದ್ದಾಳೆ, ನಮ್ಮ ನಮೂನೆ ಇಟ್ಟುಕೊಂಡು. ಅವಳು ಫೋನಿನಲ್ಲಿ ಬೈಯಲಿಲ್ಲ, ಅತ್ತಳು. "ಬೇರೆ ಬಟ್ಟೆ ತರಬಹುದಮ್ಮಾ, ಈ ಬಟ್ಟೆ ಎಲ್ಲಿಂದ ತರ್ಲಿ?" ಎಂದಳು. ನನ್ನ ಮೇಲಿನ ಸಿಟ್ಟಿಗೆ ನೀನು ಹೊಡೆದದ್ದು ಯಾರಿಗೆ, ಹೋಗಿ ನೋಡು.

ನಿನ್ನ ತಂಗಿ

ನವೆಂಬರ್ 18

ಹೋಗಿದ್ದೆ.

ಮೂರನೆಯ ಮಹಡಿ. ಬಾಗಿಲು ತೆಗೆದವಳು ಸೊಸೆ. ಕಚೇರಿಗಳನ್ನು ಗುಡಿಸುವ ಕೆಲಸಕ್ಕೆ ಹೋಗುತ್ತಾಳೆ, ಆಗಷ್ಟೇ ಬಂದಿದ್ದಳು. ನಾನು ಹೊಲಿಗೆ ಬಲ್ಲವಳು, ಕೋಟಿನ ವಿಷಯ ಕೇಳಿ ಬಂದೆ, ಸರಿಯಾಗುತ್ತದೆಯೇ ನೋಡುತ್ತೇನೆ ಎಂದೆ. ಯಾರು ಕಳಿಸಿದರು ಎಂದು ಅವಳು ಕೇಳಲಿಲ್ಲ. ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ಸರಿಸಿ ಕೂರಿಸಿದಳು.

ಮುದುಕಿ ಕಿಟಕಿಯ ಬಳಿ ಕೂತಿದ್ದರು, ಆ ಕೋಟು ತೊಟ್ಟುಕೊಂಡೇ. ಹೊಲಿಗೆ ಮುಗಿದ ದಿನ ತೊಟ್ಟವರು ಬಿಚ್ಚಲು ಬಿಡುತ್ತಿಲ್ಲವಂತೆ. ಹೊಲಿಗೆ ಅಚ್ಚುಕಟ್ಟಾಗಿತ್ತು. ನನ್ನ ಗೆರೆಯನ್ನು ಕೂದಲೆಳೆಯಷ್ಟೂ ಬಿಡದೆ ಅನುಸರಿಸಿದ್ದಳು ಪುಣ್ಯಾತ್ಗಿತ್ತಿ. ಅದಕ್ಕೇ ಅಷ್ಟು ಬಿಗಿ. ಕೈ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ಸೊಸೆ ತಟ್ಟೆ ತಂದು ತುತ್ತು ಮಾಡಿ ಬಾಯಿಗಿಟ್ಟಳು. "ಮುಂಚೆ ತಾವೇ ತಿಂತಿದ್ರು," ಎಂದಳು ನನ್ನ ಕಡೆ ತಿರುಗಿ.

ತೋಳುಗಳನ್ನು ಬಿಚ್ಚಿ ತೆಗೆದು ತೋಳಿಲ್ಲದ ಅಂಗಿ ಮಾಡಿಬಿಡೋಣ ಎಂದು ಕತ್ತರಿ ಹೊರಗೆ ತೆಗೆದೆ. ಮುದುಕಿ ಕೋಟನ್ನು ಎರಡೂ ಕೈಯಿಂದ ಅಪ್ಪಿಕೊಂಡರು.

"ನನ್ನ ಮಗನ ತೋಳು ಕತ್ತರಿಸ್ತೀಯಾ?"

"ಇಲ್ಲಮ್ಮ," ಎಂದೆ. ಅದೊಂದೇ ಮಾತು ಬಾಯಿಂದ ಹೊರಟಿತು.

ಆಮೇಲೆ ಒಳಜೇಬಿನ ಬಟ್ಟೆಯನ್ನು ಬಿಚ್ಚಿಕೊಂಡು, ಅವರು ಕೋಟು ತೊಟ್ಟಿದ್ದ ಹಾಗೆಯೇ ನೆಲದ ಮೇಲೆ ಮಂಡಿಯೂರಿ ಕೂತು, ಕಂಕುಳ ಹೊಲಿಗೆ ಬಿಡಿಸಿ ಎರಡೂ ಕಡೆ ತೇಪೆ ಕೂರಿಸಿದೆ. ಸೂಜಿ ಅವರ ಮೈಗೆ ತಾಗಬಾರದೆಂದು ನನ್ನ ಬೆರಳನ್ನು ಅಡ್ಡ ಇಟ್ಟುಕೊಂಡಿದ್ದೆ. ಮುಗಿಯುವ ಹೊತ್ತಿಗೆ ಬೆರಳಿನ ತುದಿ ಜರಡಿಯಾಗಿತ್ತು. ಕೈ ಎತ್ತಿ ಎಂದೆ. ಎತ್ತಿದರು. ಪೂರ್ತಿ ಬರಲಿಲ್ಲ. ಬಾಯಿಯವರೆಗೆ ಬರುತ್ತದೆ, ತಲೆ ಬಾಚಿಕೊಳ್ಳಲು ಆಗುವುದಿಲ್ಲ. ಅದಕ್ಕಿಂತ ಹೆಚ್ಚು ಆ ಬಟ್ಟೆಯಲ್ಲಿ ಇನ್ನು ಯಾರಿಂದಲೂ ಆಗುವುದಿಲ್ಲ.

ಸೊಸೆ ನನ್ನ ಕೈ ಹಿಡಿದುಕೊಂಡಳು. ದೇವರ ಹಾಗೆ ಬಂದಿರಿ ಎಂದಳು. ಆಮೇಲೆ ಕಪಾಟಿನಿಂದ ನಮ್ಮ ಲಕೋಟೆ ತೆಗೆದು ಲೇಬಲ್ಲಿನ ಮೇಲಿದ್ದ ನಿನ್ನ ಹೆಸರನ್ನು ತೋರಿಸಿದಳು. ಬಹಳ ಸೌಮ್ಯವಾದ ಹೆಂಗಸು, ಆದರೆ ಆಗ ಅವಳ ಮುಖವೇ ಬೇರೆಯಾಯಿತು. "ಇವಳ ಕೈಗೆ ಹುಳ ಬೀಳ. ಇವಳ ಬಾಗಿಲಲ್ಲಿ ದೀಪ ಉರಿಯದೇ ಇರ್ಲಿ."

ಅದು ನಾನು ಎಂದು ಹೇಳಲು ಒಂದು ಉಸಿರು ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ನಿನ್ನ ಹೆಸರನ್ನು ನೋಡಿದೆ. ನೀನು ಎರಡನೆಯ ದಿನ ಎರಡು ಬೀದಿ ನಡೆದು ಹೋಗಿ ಆ ಮಾತು ಹೇಳಿ ಬಂದು, ಅದೇ ಸಂಜೆ ನನ್ನ ಎದುರು ಕೂತು ಊಟ ಮಾಡಿದೆಯಲ್ಲ, ಅದು ಕಣ್ಣ ಮುಂದೆ ಬಂತು. ಇನ್ನೂ ಸ್ವಲ್ಪ ಬಡಿಸು ಎಂದಿದ್ದೆ ನೀನು.

"ಬೀಳ್ಲಿ," ಎಂದೆ.

ಬಾಗಿಲವರೆಗೆ ಬಂದು ಅವಳು ಕೇಳಿದಳು: "ನಿಮಗೆ ಅವಳು ಗೊತ್ತಾ? ಏನಾಗಬೇಕು?"

"ಏನೂ ಆಗಬೇಕಾಗಿಲ್ಲ," ಎಂದು ಹೇಳಿ ಮೆಟ್ಟಿಲು ಇಳಿದೆ.

ಹಿಂದಿನ ಕೋಣೆಗೆ ಬೀಗ ಹಾಕಿದ್ದೇನೆ.

ಇತಿ,
ನಮೂನೆ ಕತ್ತರಿಸುವವಳು